ಹನ್ನೊಂದನೇ ಅಧ್ಯಾಯದ ಒಡಪು

ಆ ಕಾದಂಬರಿ ನನ್ನ ಮೇಜಿಗೆ ಬಂದದ್ದು ಮೂರು ಲಾಂಗ್ ನೋಟ್‌ಬುಕ್‌ಗಳಲ್ಲಿ. ಬರೆದವರು ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯಲ್ಲಿ ಅಂಗನವಾಡಿ ಟೀಚರ್. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿರುವ ನಮ್ಮ ಸಣ್ಣ ಪ್ರಕಾಶನದಲ್ಲಿ ಹಸ್ತಪ್ರತಿ ತಿದ್ದುವುದು, ಪ್ರೂಫ್ ನೋಡುವುದು ಎರಡೂ ನನ್ನ ಕೆಲಸ. ಅಂಗನವಾಡಿ ಟೀಚರ್ ಎಂದಾಕ್ಷಣ ಮಕ್ಕಳ ಪದ್ಯಗಳಿರಬೇಕೆಂದು ಉದಾಸೀನದಿಂದಲೇ ಮೊದಲ ಪುಟ ತೆರೆದೆ. ಸಂಜೆ ಐದಕ್ಕೆ ನೋಡಿದರೆ ಊಟದ ಡಬ್ಬಿಯ ಮುಚ್ಚಳ ಇನ್ನೂ ಹಾಗೇ ಇತ್ತು.

ಲೋಕ ಮುಂದೊಂದು ದಿನ ಎಷ್ಟೆಲ್ಲ ಕೆಡಬಹುದೆಂದು ಊಹಿಸಿ ಬರೆಯುವ ಕಾದಂಬರಿಗಳಿವೆಯಲ್ಲ, ಕಾಲೇಜಿನವರು ಡಿಸ್ಟೋಪಿಯ ಎನ್ನುವಂಥವು, ಇದು ಆ ಜಾತಿಯದು. ಅದರೊಳಗಿನ ಊರಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವಂತಿಲ್ಲ, ನಂಬರು ಮಾತ್ರ. ದಿನಾ ಬೆಳಿಗ್ಗೆ ಗೇಟಿನ ಮುಂದೆ ಸಾಲಾಗಿ ನಿಂತು ಎಲ್ಲರೂ ತಮ್ಮ ನಂಬರು ಕೂಗಬೇಕು. ಅದಕ್ಕೆ ‘ಎಣಿಕೆ’ ಎನ್ನುತ್ತಾರೆ. ಸರ್ಕಾರ ಯಾರನ್ನಾದರೂ ಎತ್ತಿಕೊಂಡು ಹೋದರೆ ಮರುದಿನವೇ ಆ ನಂಬರನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ. ಅಲ್ಲಿಗೆ, ಹೋದ ಮನುಷ್ಯ ಇರಲೇ ಇಲ್ಲ ಎಂದಾಯಿತು. ಅವನ ಹೆಸರೆತ್ತುವುದು ದೊಡ್ಡ ಅಪರಾಧ. ನಾಯಕಿ ಗೋಣಿಚೀಲ ಹೊಲಿಯುವ ಶೆಡ್ಡಿನ ಕೆಲಸದವಳು. ಐದನೇ ಅಧ್ಯಾಯದಲ್ಲಿ ಅವಳ ಗಂಡನನ್ನು ಎತ್ತಿಕೊಂಡು ಹೋಗುತ್ತಾರೆ, ಅವನು ಸತ್ತ ಸುದ್ದಿ ಬರುತ್ತದೆ. ಹನ್ನೊಂದನೇ ಅಧ್ಯಾಯದಲ್ಲಿ ಅವಳು ಎಣಿಕೆಯ ಸಾಲಿನಲ್ಲಿ ನಿಂತು ನಂಬರು ಹೇಳುವ ಬದಲು ಒಡಪು ಹೇಳುತ್ತಾಳೆ.

ಒಡಪು ನಮ್ಮ ಕಡೆಯ ಹೆಂಗಸರಿಗೆ ಹೊಸದಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬುದು ಹಳೆಯ ಕಟ್ಟು. ಹೊಸ ಸೊಸೆ ಮನೆಯೊಳಗೆ ಕಾಲಿಡುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿದರೇ ಒಳಗೆ ಎಂದು ಹಟ ಹಿಡಿಯುತ್ತಾರೆ. ಅವಳು ಎರಡು ಮೂರು ಪ್ರಾಸದ ಸಾಲು ಕಟ್ಟಿ, ಅದರ ನಡುವೆ ಹೆಸರನ್ನು ತೂರಿಸಿ ಹೇಳುತ್ತಾಳೆ. ಹೆಸರು ಹೇಳಿದಂತೆಯೂ ಆಯಿತು, ಕಟ್ಟು ಮುರಿಯದಂತೆಯೂ ಆಯಿತು. ನಾದಿನಿಯರು ನಕ್ಕು ದಾರಿ ಬಿಡುತ್ತಾರೆ. ಸೀಮಂತ, ನಾಮಕರಣ, ಎಲ್ಲಿ ನಾಲ್ಕು ಹೆಂಗಸರು ಸೇರಿದರೂ ಈ ಆಟ ಇದ್ದದ್ದೇ.

ನೋಟ್‌ಬುಕ್ಕಿನಲ್ಲಿ ನಾಯಕಿ ಹೇಳುವ ಒಡಪು ಹೀಗಿತ್ತು:

ಗೂಡಿನಾಗಿನ ದೀಪ ಗಾಳೀಗೆ ಆರೈತೆ,
ಎಣ್ಣೆ ಬತ್ತಿ ಇನ್ನೂ ನನ್ನ ಕೈಯಾಗೈತೆ,
ಸೂರಪ್ಪನ ಹೆಸರು ಹೇಳ್ತೀನಿ, ದಾರಿ ಬಿಡ್ರಿ.

ಎಣಿಕೆಯ ಅಧಿಕಾರಿ ಬೇರೆ ಸೀಮೆಯವನು, ಅವನಿಗೆ ಒಂದಕ್ಷರವೂ ಅರ್ಥವಾಗುವುದಿಲ್ಲ. ಹೆಂಗಸಿಗೆ ತಲೆ ಕೆಟ್ಟಿದೆ ಎಂದುಕೊಂಡು ಅವಳ ನಂಬರಿನ ಮುಂದೆ ಗೀಟು ಹಾಕುತ್ತಾನೆ. ಆದರೆ ಸಾಲಿನಲ್ಲಿದ್ದ ಹೆಂಗಸರಿಗೆ ಅರ್ಥವಾಗುತ್ತದೆ. ಯಾರೂ ಮಾತಾಡದೆ ಒಬ್ಬೊಬ್ಬರೇ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಡುತ್ತಾರೆ. ಸಾಲು ಯಾಕೆ ಎರಡಾಯಿತೆಂದು ತಿಳಿಯದೆ ಅಧಿಕಾರಿ ಎದ್ದು ನಿಲ್ಲುತ್ತಾನೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ.

ಇಂಥ ಬರವಣಿಗೆ ತಿದ್ದುವಾಗ ನಾನು ಒಂದು ಪಟ್ಟಿ ಮಾಡಿಕೊಳ್ಳುತ್ತೇನೆ. ಯಾವ ಪುಟದಲ್ಲಿ ಯಾವ ಹಳೆಯ ಪದ್ಧತಿಯ, ಹಾಡಿನ, ನಂಬಿಕೆಯ ನೆನಪು ಬರುತ್ತದೆ, ಅದು ಯಾವ ಪಾತ್ರಕ್ಕೆ ಗೊತ್ತು, ಯಾರಿಗೆ ಗೊತ್ತಿಲ್ಲ ಎಂದು ಬರೆದಿಡುತ್ತೇನೆ. ಇದರಲ್ಲಿ ಪಟ್ಟಿ ಬೆಳೆಯುತ್ತಲೇ ಹೋಯಿತು. ರಂಗೋಲಿ ಹಾಕಬಾರದೆಂಬ ಆಜ್ಞೆ ಇದ್ದಾಗ ಒಬ್ಬ ಮುದುಕಿ ಬರೀ ಚುಕ್ಕಿ ಇಟ್ಟು, ಎಳೆ ಎಳೆಯದೆ ಒಳಗೆ ಹೋಗುತ್ತಾಳೆ. ಬೀದಿಯವರು ಹೋಗುತ್ತ ಬರುತ್ತ ಕಣ್ಣಲ್ಲೇ ಎಳೆ ಸೇರಿಸುತ್ತಾರೆ. ಪಡಿತರವನ್ನು ಚೀಲದಲ್ಲೇ ಹಿಡಿಯಬೇಕೆಂಬ ನಿಯಮವಿದ್ದರೂ ಒಬ್ಬ ಬಸುರಿ ಸೆರಗೊಡ್ಡುತ್ತಾಳೆ. ಅಳೆದು ಹಾಕುವ ನೌಕರನೇ, ತನಗೆ ಗೊತ್ತಿಲ್ಲದೆ, ಅವಳ ಉಡಿ ತುಂಬಿದಂತಾಗುತ್ತದೆ. ಎಲ್ಲೂ ಘೋಷಣೆ ಇಲ್ಲ, ಬಾವುಟವಿಲ್ಲ. ಕೇಳುವವರಿಗೆ ಮಾತ್ರ ಕೇಳುವ ಹಾಗೆ ಇಡೀ ಊರು ‘ಒಲ್ಲೆವು’ ಎನ್ನುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು.

ಪ್ರಕಾಶನದ ಮಾಲೀಕರಿಗೂ ಹಿಡಿಸಿತು, ಆದರೆ ಅವರ ತಕರಾರು ಬೇರೆ. “ಇದು ನಿನಗೆ ತಿಳೀತೈತಮ್ಮ. ಬೆಂಗ್ಳೂರೋರು, ಮಂಗ್ಳೂರೋರು ಓದಬ್ಯಾಡೇನು? ಒಂದೊಂದಕ್ಕೂ ಕೆಳಗೆ ಟಿಪ್ಪಣಿ ಹಾಕು,” ಎಂದರು. ಒಂದು ವಾರ ಕೂತು ನಲವತ್ತೊಂದು ಅಡಿಟಿಪ್ಪಣಿ ಬರೆದೆ. ಒಡಪಿನ ಟಿಪ್ಪಣಿಗೆ ಬಂದಾಗ, ‘ಮುತ್ತೈದೆಯರು ಗಂಡನ ಹೆಸರನ್ನು ಪ್ರಾಸಬದ್ಧವಾಗಿ ಹೇಳುವ ಪದ್ಧತಿ’ ಎಂದು ಬರೆದು, ಬರೆದದ್ದನ್ನೇ ನೋಡುತ್ತ ಕೂತೆ. ಗಂಡ ಐದನೇ ಅಧ್ಯಾಯದಲ್ಲೇ ಸತ್ತಿದ್ದಾನೆ. ಗಂಡ ಹೋದವಳು ಹನ್ನೊಂದನೇ ಅಧ್ಯಾಯದಲ್ಲಿ ಒಡಪು ಹೇಳುವುದು ಹೇಗೆ? ನಮ್ಮಲ್ಲಿ ಅಂಥವರು ಹೇಳುವುದಿಲ್ಲ, ಅವರನ್ನು ಯಾರೂ ಕೇಳುವುದೂ ಇಲ್ಲ. ಬೇರೆ ಊರಿನ ಸಂಪಾದಕರಾಗಿದ್ದರೆ ಇದು ಗಮನಕ್ಕೇ ಬರುತ್ತಿರಲಿಲ್ಲ. ಇಲ್ಲೇ ಹುಟ್ಟಿ ಇಲ್ಲೇ ಮದುವೆಯಾಗಿ ನೂರಾರು ಒಡಪು ಕೇಳಿದ ನನ್ನ ಕಣ್ಣಿಗೆ ಬಿತ್ತು. ತಪ್ಪು ಸಿಕ್ಕಿತೆಂದು ನಾನು ಹಿಗ್ಗಿದೆ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಟೀಚರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಆ ಕಡೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಅವರು ಮಕ್ಕಳನ್ನು ಒಮ್ಮೆ ಗದರಿ ಫೋನಿಗೆ ಮರಳಿದರು.

“ಹೌದಲ್ರಿ ಮೇಡಂ. ನಮ್ಮ ಕಡೆ ಹಂಗೆ ಹೇಳಲ್ಲ.”

“ಅದನ್ನ ಮೂರನೇ ಅಧ್ಯಾಯಕ್ಕೆ ತಗೊಂಡು ಹೋಗಲಾ? ಗಂಡ ಇದ್ದಾಗಲೇ ಹೇಳಿದಂಗೆ?”

“ನೀವು ತಿಳಿದೋರು. ನಿಮಗೆ ಹೆಂಗೆ ಸರಿ ಅನಿಸ್ತೈತೋ ಹಂಗೆ ಮಾಡ್ರಿ.”

ಮಾಡಿದೆ. ಒಡಪನ್ನು ಹನ್ನೊಂದರಿಂದ ಕಿತ್ತು ಮೂರನೇ ಅಧ್ಯಾಯದಲ್ಲಿ, ಗಂಡ ಹೆಂಡತಿ ಕದ್ದು ಮಾತಾಡುವ ಒಂದು ಸಂಜೆಯಲ್ಲಿ ಕೂರಿಸಿದೆ. ಆರಿದ ದೀಪ ಅಲ್ಲಿಗೆ ಹೊಂದದ್ದರಿಂದ ‘ಚೆಂದಾಗಿ ಉರಿತೈತೆ’ ಎಂದು ಹೊತ್ತಿಸಿಯೂ ಬಿಟ್ಟೆ. ಹನ್ನೊಂದನೇ ಅಧ್ಯಾಯದಲ್ಲಿ ಅವಳು ನಂಬರು ಹೇಳದೆ ಸುಮ್ಮನೆ ನಿಲ್ಲುವಂತೆ ತಿದ್ದಿದೆ. ಮೌನ ಮಾತಿಗಿಂತ ಗಟ್ಟಿ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ನಮ್ಮಲ್ಲಿ ಡಿಟಿಪಿ ಮಾಡುವಾಕೆ ಎರಡು ಮಕ್ಕಳ ತಾಯಿ, ಕಡರನಾಯಕನಹಳ್ಳಿಯಿಂದ ಮದುವೆಯಾಗಿ ಬಂದವಳು. ಟೈಪ್ ಮಾಡುವ ಪುಸ್ತಕದ ಬಗ್ಗೆ ಸಾಮಾನ್ಯವಾಗಿ ಒಂದು ಮಾತೂ ಆಡುವವಳಲ್ಲ. ಹನ್ನೊಂದನೇ ಅಧ್ಯಾಯದ ತಿದ್ದಿದ ಪುಟ ಕೊಡುತ್ತ ಅಂದಳು: “ಮೊದಲ್ನೇ ಸಲ ಹೊಡೆಯೋವಾಗ ಕಣ್ಣಾಗೆ ನೀರು ಬಂದು ಎರಡು ಸಲ ನಿಲ್ಸಿದ್ದೆ ರಿ. ಈಗ ಓದಿದ್ರೆ ಯಾಕೋ ಏನೂ ಅನ್ಸಲ್ಲ.”

“ಎರಡನೇ ಸಲ ಓದಿದ್ರೆ ಹಂಗೇ,” ಎಂದು ಅವಳ ಬಾಯಿ ಮುಚ್ಚಿಸಿದೆ.

ಮೊದಲ ಪ್ರೂಫ್ ನೋಡಲು ಟೀಚರ್ ಒಂದು ಶನಿವಾರ ಹರಿಹರದಿಂದ ಬಸ್ಸಿನಲ್ಲಿ ಬಂದರು. ನಲವತ್ತೈದರ ಆಸುಪಾಸು, ಹಣೆಗೆ ಸಣ್ಣ ಸ್ಟಿಕ್ಕರ್, ಇಲಾಖೆಯ ಸಮವಸ್ತ್ರದ ಸೀರೆ. “ಬರ್ರಿ, ಕೂಡ್ರಿ” ಎಂದು ಮಾಲೀಕರೇ ಕುರ್ಚಿ ಎಳೆದು ಕೊಟ್ಟರು. ಆಕೆ ಪುಟ ತಿರುವುತ್ತ ಹೋದಂತೆ ಮುಖ ಸಣ್ಣದಾಗುತ್ತ ಬಂತು.

“ಮೇಡಂ, ಒಂದು ಕೇಳ್ಲಾ? ಈ ಕೆಳಗಿನ ಸಣ್ಣಕ್ಷರ ಯಾರಿಗೆ?”

“ಗೊತ್ತಿಲ್ಲದೋರಿಗೆ.”

“ಕತೆಯಾಗೆ ಆ ಎಣಿಕೆಯೋನಿಗೂ ಗೊತ್ತಿಲ್ಲಲ್ರಿ. ಇದನ್ನ ಹಾಕಿದ್ರೆ ಅವನಿಗೂ ಹೇಳಿಕೊಟ್ಟಂಗಾತು. ಓದೋರು ನಮ್ಮ ಹೆಂಗಸರ ಜೊತೆ ಸಾಲಿನಾಗೆ ನಿಲ್ಲಬೇಕು. ಪೂರಾ ತಿಳೀದಿದ್ರೂ ಪರವಾಗಿಲ್ಲ, ಏನೋ ಐತೆ ಅಂತ ತಿಳಿದ್ರೆ ಸಾಕು.”

ಮಾಲೀಕರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಕೆ ಹೇಳಿದ್ದು ಸರಿ ಎಂದು ಇಬ್ಬರಿಗೂ ಹೊಳೆದಿತ್ತು. ನಲವತ್ತೊಂದು ಟಿಪ್ಪಣಿಗಳನ್ನೂ ಅದೇ ದಿನ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದೆ. ವಾರದ ಕೂಲಿ ಮಣ್ಣುಪಾಲಾಯಿತೆಂದು ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಸಂಜೆ ಒಂದು ಪ್ರಶ್ನೆ ತಲೆಗೆ ಬಂತು. ಟಿಪ್ಪಣಿ ಬೇಡವೆಂದು ಇಷ್ಟು ಖಚಿತವಾಗಿ ವಾದ ಮಾಡಿದವರು, ಒಡಪು ಜಾಗ ಬದಲಿಸಿದ್ದಕ್ಕೆ ಯಾಕೆ ಉಸಿರೆತ್ತಲಿಲ್ಲ? ಆ ಪುಟಗಳನ್ನು ಅವರು ಬೇಗಬೇಗ ತಿರುವಿಹಾಕಿದ್ದರು. ಒಪ್ಪಿಗೆಯಾಗಿರಬೇಕೆಂದುಕೊಂಡು ಮುಂದಿನ ಕೆಲಸ ಹಿಡಿದೆ.

ಹದಿನಾರು ಪುಟಗಳಿಗೆ ಒಂದು ಫಾರಂ ಎಂಬ ಲೆಕ್ಕದಲ್ಲಿ ನಮ್ಮ ಪುಸ್ತಕಗಳು ಅಚ್ಚಾಗುತ್ತವೆ. ಮೊದಲ ಮೂರು ಫಾರಂಗಳಿಗೆ ಅಚ್ಚಿನ ಪ್ಲೇಟ್ ಆಯಿತು, ಇನ್ನು ಅಲ್ಲಿ ತಿದ್ದಬೇಕೆಂದರೆ ಹೊಸ ಪ್ಲೇಟೇ ಬೇಕು. ಉಳಿದ ಪುಟಗಳಿಗೆ ಟೀಚರ್ ಅವರ ಒಪ್ಪಿಗೆ ಬೇಕಿತ್ತು. ಅಂಗನವಾಡಿಯಲ್ಲಿ ಸೀಮಂತದ ಕಾರ್ಯಕ್ರಮವಿದೆ, ರಜೆ ಸಿಗುವುದಿಲ್ಲ ಎಂದರು. ನಾನೇ ಬರುತ್ತೇನೆ ಎಂದು ಪ್ರೂಫಿನ ಕಟ್ಟು ಹಿಡಿದು ಹರಿಹರಕ್ಕೆ ಹೋಗಿ, ಅಲ್ಲಿಂದ ಆಟೋದಲ್ಲಿ ಸಾರಥಿ ಮುಟ್ಟಿದೆ.

ಅಂಗನವಾಡಿಯ ಒಂದೇ ಕೋಣೆಯಲ್ಲಿ ಊರ ಹೆಂಗಸರೆಲ್ಲ ತುಂಬಿದ್ದರು. ಐದು ಜನ ಬಸುರಿಯರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಸಿರು ಬಳೆ ತೊಟ್ಟು ಕೂತಿದ್ದರು. ಟೀಚರ್ ಒಬ್ಬೊಬ್ಬರಿಗೂ ಹಣ್ಣು, ಕಾಳು, ಸೊಪ್ಪಿನ ತಟ್ಟೆ ಕೊಟ್ಟು, ಯಾವುದರಲ್ಲಿ ಏನು ಸತ್ವವಿದೆ ಎಂದು ನಗಿಸುತ್ತ ಹೇಳಿದರು. ಅದಾದ ಮೇಲೆ ಒಬ್ಬ ಅಜ್ಜಿ ಒಡಪಿಗೆ ಶುರು ಹಚ್ಚಿಕೊಂಡಳು. ಎಲ್ಲರಿಗಿಂತ ಚಿಕ್ಕ ಬಸುರಿ ನಾಚುತ್ತ ಎದ್ದು ನಿಂತು ಹೇಳಿದಳು:

ಮಂಡಕ್ಕಿ ತಂದ್ರೆ ಮಿರ್ಚಿ ಮರೀತಾರೆ,
ಮಿರ್ಚಿ ತಂದ್ರೆ ಮಂಡಕ್ಕಿ ಮರೀತಾರೆ,
ನನ್ನ ಮಾತ್ರ ಮರೆಯಲ್ಲ ನಮ್ಮ ಮಂಜಪ್ಪ.

ಕೋಣೆ ಹಾರಿಹೋಗುವಂತೆ ನಕ್ಕರು. ಸರದಿ ಒಬ್ಬರಿಂದ ಒಬ್ಬರಿಗೆ ಬರುತ್ತ ನನ್ನನ್ನೂ ಬಿಡಲಿಲ್ಲ. ಮದುವೆಯಲ್ಲಿ ಹೇಳಿದ ಹಳೆಯದನ್ನೇ ತಡವರಿಸಿ ಒಪ್ಪಿಸಿದೆ. ನನ್ನ ಪಕ್ಕದಲ್ಲಿ ಟೀಚರ್ ಕೂತಿದ್ದರು. ಅಜ್ಜಿಯ ಕಣ್ಣು ನನ್ನ ಮೇಲಿಂದ ಎದ್ದು, ಟೀಚರನ್ನು ದಾಟಿ, ಅವರ ಆಚೆ ಕೂತವಳ ಮೇಲೆ ನಿಂತಿತು. “ನೀ ಹೇಳವ್ವ.” ಯಾರ ನಗುವೂ ನಿಲ್ಲಲಿಲ್ಲ. ಟೀಚರ್ ಅಷ್ಟರಲ್ಲೇ ಎದ್ದು, ಚಿತ್ರಾನ್ನದ ತಟ್ಟೆಗಳನ್ನು ಜೋಡಿಸತೊಡಗಿದರು. ದಿನಾ ಮಾಡುವ ಕೆಲಸದ ಹಾಗೆ ಸಲೀಸಾಗಿ ಎದ್ದಿದ್ದರು.

ಅಂಗನವಾಡಿಯ ಸಹಾಯಕಿ ಬಾಗಿಲಲ್ಲಿ ನಿಂತಿದ್ದಳು. ಟೀಚರನ್ನು ಯಾಕೆ ಬಿಟ್ಟರೆಂದು ಮೆಲ್ಲಗೆ ಕೇಳಿದೆ. ಅವಳು ಇನ್ನೂ ಮೆಲ್ಲಗೆ ಹೇಳಿದಳು: “ಅವ್ರ ಯಜಮಾನ್ರು ತೀರಿಕೊಂಡು ಒಂಬತ್ತು ವರ್ಷಾತು ರಿ. ಪಂಚಾಯ್ತಿ ನೀರು ಬಿಡೋ ಕೆಲಸದಾಗಿದ್ರು, ಭಾಳ ಒಳ್ಳೆ ಮನುಷ್ಯ. ಕೇಳಿದ್ರೆ ಬೇಜಾರಾಗ್ತೈತೆ ಅಂತ ಟೀಚರ್‌ಗೆ ಯಾರೂ ಕೇಳಲ್ಲ.”

ನನ್ನ ಕೈಯಲ್ಲಿದ್ದ ಪ್ರೂಫಿನ ಕಟ್ಟು ಭಾರವಾಯಿತು. ಹೆಂಗಸರು ಹೋಗುವವರೆಗೆ ಕಾದೆ. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಮಡಚಿಕೊಂಡು ಇಬ್ಬರೂ ಎದುರುಬದುರು ಕೂತೆವು. ಹನ್ನೊಂದನೇ ಅಧ್ಯಾಯದ ಪುಟ ಅವರ ಮುಂದಿಟ್ಟು, “ನನಗೆ ಯಾಕ ಹೇಳ್ಲಿಲ್ಲ ರಿ?” ಎಂದೆ.

ಅವರು ಪುಟದ ಅಂಚು ಸವರುತ್ತ ಕೂತರು.

“ಏನಂತ ಹೇಳ್ಲಿ ಮೇಡಂ? ಟಿಪ್ಪಣಿದು ಕತೆ ಮಾತು, ಆಡಿದೆ. ಇದು ನನ್ನ ಮಾತಾಗಿಬಿಡ್ತಿತ್ತು. ಅವರಿದ್ದಾಗ ಹೆಸರು ಹೇಳಂಗಿರಲಿಲ್ಲ, ಒಡಪಿನಾಗೆ ಹೇಳ್ತಿದ್ದೆ. ಹೋದ ಮ್ಯಾಲೆ ಕೇಳೋರೇ ಇಲ್ಲ. ಒಂಬತ್ತು ವರ್ಷಾತು, ಅವರ ಹೆಸರು ನನ್ನ ಬಾಯಾಗೆ ಬಂದಿಲ್ಲ. ಅರ್ಜಿ ತುಂಬೋವಾಗ ಕೈಯಾಗೆ ಬರೀತೀನಿ ಅಷ್ಟೇ. ಅಲ್ಲೂ ಮುಂದೆ ದಿವಂಗತ ಅಂತ ಹಾಕ್ತೀನಿ.”

“ಮತ್ತೆ ಕಾದಂಬರಿ?”

“ಆ ಹೆಂಗಸಾದ್ರೂ ಹೇಳ್ಲಿ ಅಂತ ಬರೆದೆ ರಿ.”

ನನಗೆ ಅಳು ಬಂತು. ಪಕ್ಕದಲ್ಲಿ ಚಿತ್ರಾನ್ನದ ತಟ್ಟೆ ಇದ್ದದ್ದರಿಂದ ಎರಡು ತುತ್ತು ತಿಂದು ನುಂಗಿಕೊಂಡೆ.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಟ್ಟಿ ತೆಗೆದು ನೋಡಿದೆ. ಒಡಪಿನ ಎದುರು ‘ಸರ್ಕಾರದ ಆಜ್ಞೆಗೆ ಪ್ರತಿರೋಧ’ ಎಂದಷ್ಟೇ ಬರೆದಿದ್ದೆ. ಅರ್ಧ ಮಾತ್ರ ಓದಿದ್ದೆ. ಆ ನಾಯಕಿ ಎರಡು ಆಜ್ಞೆಗಳನ್ನು ಒಟ್ಟಿಗೇ ಮೀರುತ್ತಾಳೆ. ಸತ್ತವನ ಹೆಸರು ಎತ್ತಬೇಡ ಎಂಬ ಸರ್ಕಾರದ್ದು ಒಂದು, ಗಂಡ ಹೋದವಳು ಒಡಪು ಹೇಳಬೇಡ ಎಂಬ ನಮ್ಮ ಊರಿನದು ಇನ್ನೊಂದು. ಹಳೆಯ ಪದ್ಧತಿಯ ನೆನಪನ್ನು ಅವಳು ಅಲಂಕಾರಕ್ಕೆ ತಂದಿರಲಿಲ್ಲ. ಅದನ್ನೇ ಹಿಡಿದು ಅದರ ಕಟ್ಟನ್ನೂ ಬಿಚ್ಚಿದ್ದಳು. ಸಾಲಿನ ಹೆಂಗಸರು ಪಕ್ಕಕ್ಕೆ ಸರಿದದ್ದು ಹೆಸರು ಕೇಳಿ ಮಾತ್ರವಲ್ಲ, ಹೇಳಬಾರದವಳು ಹೇಳಿದಳೆಂದು. ಅಂಥದ್ದನ್ನು ನಾನು ತಪ್ಪು ಎಂದು ಗುರುತು ಹಾಕಿ, ಗಂಡನಿರುವ ಅಧ್ಯಾಯಕ್ಕೆ ಅಟ್ಟಿದ್ದೆ. ಇಡೀ ಕಾದಂಬರಿಯಲ್ಲಿ ಎಣಿಕೆಯವನ ಕೆಲಸವನ್ನು ಅತಿ ಚೆನ್ನಾಗಿ ಮಾಡಿದವಳು ನಾನು.

ಮರುದಿನ ಮಾಲೀಕರಿಗೆ ಹೇಳಿದೆ, ಒಡಪು ಅದರ ಜಾಗಕ್ಕೆ ಹೋಗಬೇಕು.

“ಪ್ಲೇಟ್ ಆಗ್ಯಾವಲ್ಲಮ್ಮ! ಮೂರನೇ ಅಧ್ಯಾಯ ಎರಡನೇ ಫಾರಂನಾಗೆ ಐತೆ. ಒಡಪು, ಅದರ ಹಿಂದುಮುಂದಿನ ಮಾತು ಸೇರಿ ಅಲ್ಲಿಂದ ಹನ್ನೊಂದು ಸಾಲು ತೆಗೆದ್ರೆ ಪುಟ ಎಲ್ಲ ಮೇಲೆ ಸರೀತಾವೆ. ಮೂರನೇ ಫಾರಂನೂ ಹಾಳು.”

“ತಪ್ಪು ನಂದು ಸರ್. ಅಲ್ಲಿ ಹನ್ನೊಂದೇ ಸಾಲು ಬೇರೆ ತುಂಬಿಸಿಕೊಡ್ತೀನಿ. ಎರಡನೇ ಫಾರಂ ಒಂದೇ ಮತ್ತೆ ಮಾಡಿದ್ರೆ ಸಾಕು.”

ಅವರು ಕನ್ನಡಕ ತೆಗೆದು ಒರೆಸುತ್ತ ಯೋಚಿಸಿದರು. “ಅಷ್ಟು ಬೇಕೇ ಬೇಕಾ?”

“ಇದಿಲ್ಲದಿದ್ರೆ ಪುಸ್ತಕ ಬ್ಯಾಡ ಸರ್.”

ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಡಿಟಿಪಿಯಾಕೆಯ ಕಡೆ ತಿರುಗಿ, “ಫೈಲ್ ತೆಗಿಯಮ್ಮ” ಎಂದರು. ಸಾರಥಿಯಲ್ಲಿ ಕಂಡದ್ದನ್ನು ಬೆಳಿಗ್ಗೆಯೇ ಅವಳಿಗೆ ಹೇಳಿದ್ದೆ. ಅವಳು ಆಗಲೇ ತೆಗೆದಿದ್ದಳು.

ಸೋಮವಾರ ಟೀಚರ್ ಅರ್ಧ ದಿನ ರಜೆ ಹಾಕಿ ಬಂದರು. ಹನ್ನೊಂದು ಸಾಲು, ಸಾಲಿಗೆ ಏಳೆಂಟು ಪದ, ಒಂದೂ ಹೆಚ್ಚಾಗಬಾರದು ಕಡಿಮೆಯಾಗಬಾರದು ಎಂದು ಹಾಳೆಯಲ್ಲಿ ಗೆರೆ ಹಾಕಿಕೊಟ್ಟೆ. “ಇದೂ ನಂಬರಿನ ಕಾಟನೇ ಆತಲ್ರಿ” ಎಂದು ನಕ್ಕು ಕಿಟಕಿಯ ಹತ್ತಿರ ಕೂತು ಬರೆದರು. ಮೊದಲನೆಯದು ಹದಿನಾಲ್ಕು ಸಾಲಾಯಿತು, ಎರಡನೆಯದು ಒಂಬತ್ತು. ಮೂರನೆಯದು ಸರಿಯಾಗಿ ಕೂತಿತು. ಅದರಲ್ಲಿ ಒಡಪೂ ಇರಲಿಲ್ಲ, ಹೆಸರೂ ಇರಲಿಲ್ಲ. ಹೆಂಡತಿ ನೀರಿನ ಕೊಡ ಇಳಿಸಿಕೊಳ್ಳಲು ಗಂಡನನ್ನು “ರೀ, ಇಲ್ನೋಡ್ರಿ” ಎಂದು ಕರೆಯುತ್ತಾಳೆ. ಅವನು ಕೇಳಿಯೂ ಕೇಳದಂತೆ ಇರುತ್ತಾನೆ, ಇನ್ನೊಮ್ಮೆ ಕರೆಯಲಿ ಎಂದು. ಅಷ್ಟೇ. ನಾನು ಕೂರಿಸಿದ್ದ ಉರಿವ ದೀಪಕ್ಕಿಂತ ಅದು ಎಷ್ಟೋ ಬೆಳಕಾಗಿತ್ತು.

ಕೊನೆಯದು ಓದಿ ತಾಳೆ ನೋಡುವ ಕೆಲಸ. ಹಸ್ತಪ್ರತಿ ಹಿಡಿದು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪ್ರೂಫಿನಲ್ಲಿ ಬೆರಳಿಟ್ಟು ಅಕ್ಷರ ಅಕ್ಷರ ನೋಡಬೇಕು. ಯಾವುದಾದರೂ ಬದಲಾದರೆ ಬದಲಾದ ಸಾಲನ್ನು ಮತ್ತೆ ಓದಲೇಬೇಕು. ಇದು ನಮ್ಮಲ್ಲಿ ತಪ್ಪದ ನಿಯಮ. ಟೀಚರ್ ಓದುತ್ತಿದ್ದರು, ನಾನು ಬೆರಳಿಟ್ಟಿದ್ದೆ. ಹನ್ನೊಂದನೇ ಅಧ್ಯಾಯ ಬಂತು. ಗೇಟು, ಸಾಲು, ಅಧಿಕಾರಿಯ ಮೇಜು. ಆರಿದ ದೀಪ ಬಂತು, ಎಣ್ಣೆ ಬತ್ತಿ ಬಂತು. ಅಲ್ಲಿ ಅವರು ಓದು ನಿಲ್ಲಿಸಿದರು.

“ಮೇಡಂ, ಈ ಸೂರಪ್ಪ ಅನ್ನೋದು ಪುಸ್ತಕದಾಗೆ ಬೇರೆ ಎಲ್ಲೂ ಬರಲ್ಲ ಅಲ್ರಿ?”

“ಇಲ್ಲ. ಇದೊಂದೇ ಕಡೆ.”

“ನಿಮ್ಮ ಪೆನ್ನು ಕೊಡ್ರಿ.”

ಕೊಟ್ಟೆ. ಅವರು ಪ್ರೂಫಿನಲ್ಲಿ ಸೂರಪ್ಪನ ಮೇಲೆ ಒಂದು ಗೆರೆ ಎಳೆದು, ಮೇಲ್ಗಡೆ ಬೇರೊಂದು ಹೆಸರು ಬರೆದರು. ಮಕ್ಕಳಿಗೆ ಅಕ್ಷರ ಕಲಿಸುವ ದುಂಡು ಬರಹ. “ಇದು ತಪ್ಪಾಗ್ತೈತೇನ್ರಿ?” ಎಂದರು.

“ಸಾಲು ಹೆಚ್ಚಾಗಲ್ಲ,” ಎಂದೆ. “ಬದಲಾಗಿರೋದ್ರಿಂದ ಓದಬೇಕು ರಿ. ನಿಯಮ.”

ಅವರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಡಿಟಿಪಿಯಾಕೆಯ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು.

“ಗೂಡಿನಾಗಿನ ದೀಪ ಗಾಳೀಗೆ ಆರೈತೆ, ಎಣ್ಣೆ ಬತ್ತಿ ಇನ್ನೂ ನನ್ನ ಕೈಯಾಗೈತೆ,” ಎಂದು ಓದಿ, ಒಂದು ಉಸಿರು ಬಿಟ್ಟು, ತುಟಿಯ ಒಳಗೇ ಹೇಳಿದರು: “ಹಾಲೇಶಪ್ಪನ ಹೆಸರು ಹೇಳ್ತೀನಿ, ದಾರಿ ಬಿಡ್ರಿ.”

ಪಕ್ಕದಲ್ಲೇ ಇದ್ದ ನನಗೆ ಕೇಳಿಸಿತ್ತು. ಡಿಟಿಪಿಯಾಕೆಗೂ ಕೇಳಿಸಿತ್ತು, ಅವಳ ಕಣ್ಣು ತುಂಬಿದ್ದು ಇಲ್ಲಿಗೇ ಕಾಣುತ್ತಿತ್ತು. ಆದರೂ ಅವಳು ಕುರ್ಚಿಯಲ್ಲಿ ಹಿಂದಕ್ಕೆ ತಿರುಗಿ, ಬಾಗಿಲಲ್ಲಿ ನಿಂತ ಹೊಸ ಮದುಮಗಳನ್ನು ನಾದಿನಿಯರು ಕಾಡುವ ಅದೇ ಧಾಟಿಯಲ್ಲಿ ಹೇಳಿದಳು:

“ಕೇಳಿಸ್ಲಿಲ್ಲ ರಿ ಟೀಚರ್. ಇನ್ನೊಂದು ಸಲ ಹೇಳ್ರಿ.”

ಟೀಚರ್ ಅವಳನ್ನೇ ನೋಡಿದರು. ಆಮೇಲೆ ಹಾಳೆಯನ್ನು ಮೇಜಿನ ಮೇಲಿಟ್ಟು ಎದ್ದು ನಿಂತು, ನೋಡಿಕೊಳ್ಳದೆಯೇ, ರಸ್ತೆಯವರೆಗೂ ಕೇಳುವಷ್ಟು ಗಟ್ಟಿಯಾಗಿ ಇನ್ನೊಂದು ಸಲ ಹೇಳಿದರು.